ಕೊಲೆಗಾರ ಯಾರಂತ ಹೇಳ್ರಿ

"ಮತ್ತ ಕೊಲೆಗಾರನ್ನ ಬದ್ಲಿ ಮಾಡೀರೇನ್ರಿ?"

ರಾಜೇಶ್ವರಿ ಹಸ್ತಪ್ರತಿಯನ್ನು ಮೇಜಿನ ಮೇಲೆ ಕುಕ್ಕಿದಳು. ಅಥಣಿಯ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಕರಪತ್ರ ಟೈಪು ಮಾಡುವುದು ಅವಳ ಕೆಲಸ. ಎಂಟು ತಿಂಗಳಿಂದ ಜುಗೂಳದ ಅಮೋಲನ ಪತ್ತೇದಾರಿ ಕಾದಂಬರಿ ಅವಳ ಪ್ರಾಣ ಹಿಂಡುತ್ತಿತ್ತು. ಕೃಷ್ಣೆಯ ದಂಡೆಯಲ್ಲಿ ಏಳು ಕೊಲೆ, ಒಬ್ಬನೇ ಹಂತಕ, ಅವನ ಬೆನ್ನು ಹತ್ತಿದ ಇನ್ಸ್‌ಪೆಕ್ಟರ್. ಆ ಹಂತಕ ಮೊದಲು ಡಾಕ್ಟರಾಗಿದ್ದ, ಆಮೇಲೆ ಕಂಡಕ್ಟರಾದ, ಈಗ ಇನ್ಸ್‌ಪೆಕ್ಟರನೇ ಆಗಿಬಿಟ್ಟಿದ್ದ.

"ಡಾಕ್ಟರ್ ಪಾಪ, ಭಾಳ ಒಳ್ಳೇಂವ ಅನಿಸಿದ್ರಿ," ಎಂದು ಅಮೋಲ ಕಿವಿ ಕೆರೆದುಕೊಂಡ.

ಅವಳು ದುರುಗುಟ್ಟಿ ನೋಡಿದಳು. ಅವನು ನಕ್ಕ. ಆ ನಗುವಿಗೆ ಅವಳ ಸಿಟ್ಟು ಅರ್ಧ ಇಳಿಯುತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಕೀಬೋರ್ಡಿನ ಮೇಲೆ ಕಣ್ಣಿಟ್ಟೇ ಹೇಳಿದಳು: "ರವಿವಾರ ಏಕಸಂಬಿಯವ್ರು ನನ್ನ ನೋಡಾಕ ಬರಾಕತ್ತಾರ."

ಅವನ ನಗು ಮಾಯವಾಯಿತು. ಹಸ್ತಪ್ರತಿಯ ಹಾಳೆಗಳನ್ನು ಸುಮ್ಮನೆ ಜೋಡಿಸಿದ. ಕೊನೆಗೆ, "ಹಂಗಾದ್ರ... ಕಡೀ ಅಧ್ಯಾಯ ಸೋಮವಾರ ತರ್ಲ್ಯಾ?" ಎಂದ.

"ತರಬ್ಯಾಡ್ರಿ. ಹೋಗ್ರಿ."

ಅವನು ಹೋದ. ಇಡೀ ವಾರ ಬರಲಿಲ್ಲ. ಅವಳು ಬಾಗಿಲ ಕಡೆ ನೋಡಿದ್ದು ಎಷ್ಟು ಸಲವೋ, ಲಗ್ನಪತ್ರಿಕೆಗಳಲ್ಲಿ ವರನ ಹೆಸರು ತಪ್ಪಿದ್ದು ಎಷ್ಟು ಸಲವೋ.

ಶನಿವಾರ ತಡೆಯಲಾಗಲಿಲ್ಲ. ಅಂಗಡಿಗೆ ರಜೆ ಹೇಳಿ ಜುಗೂಳದ ಬಸ್ಸು ಹತ್ತಿದಳು.

ಊರಲ್ಲಿ ಹೊಲ ಕೇಳಿಕೊಂಡು ಹೋದಾಗ ಅಮೋಲ ಕೆಸರಲ್ಲಿ ನಿಂತು ಕಬ್ಬಿಗೆ ನೀರು ಹಾಯಿಸುತ್ತಿದ್ದ. ಬದುವಿನ ಮೇಲೆ ಅವನ ತಾಯಿ ಚನ್ನವ್ವ ಬುತ್ತಿ ಬಿಚ್ಚುತ್ತಿದ್ದರು.

"ಕಥಿಯಾಗ ಏಳು ಹೆಣ ಕೆಡವೀರಿ," ಎಂದಳು ರಾಜೇಶ್ವರಿ ಏದುಸಿರು ಬಿಡುತ್ತಾ. "ಒಂದು ಮಾತು ಆಡಾಕ ಧೈರ್ಯ ಇಲ್ಲೇನ್ರಿ ನಿಮಗ?"

ಅವನ ಕೈಯಿಂದ ಸಲಿಕೆ ಜಾರಿತು.

"ಕೊಲೆಗಾರ ಯಾರಂತ ಮೊದಲ ದಿನಾನ ಗೊತ್ತಿತ್ತ್ರಿ. ಆದ್ರ ಕಥಿ ಮುಗೀತಂದ್ರ ನಿಮ್ಮ ಅಂಗಡಿಗೆ ಬರಾಕ ನೆಪ ಎಲ್ಲೈತಿ?"

"ಎಂಟು ತಿಂಗಳು!" ಅವಳ ಕಣ್ಣು ತುಂಬಿತು. "ನನ್ನ ಬೆರಳು ಸವದು ಹೋದ್ವು. ಬಾಯಿ ಬಿಟ್ಟು ಹೇಳಿದ್ರ ಏನಾಗ್ತಿತ್ತು?"

"ಒಲ್ಲೆ ಅಂತೀರೇನೋ ಅಂತ ಅಂಜಿಕಿ."

"ಈಗ ಕೇಳ್ರಿ."

ಅವನು ಅವ್ವನ ಕಡೆ ಒಮ್ಮೆ ನೋಡಿದ. "ನನ್ನ ಲಗ್ನ ಆಗ್ತೀರೇನ್ರಿ?"

"ಹೂಂ" ಎಂದವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಏ ಹುಚ್ಚಪ್ಯಾಲಿ," ವಾರವಿಡೀ ಮಗನ ಗೋಳು ಕೇಳಿದ್ದ ಚನ್ನವ್ವ ಅವನನ್ನು ಗದರಿದರು. "ನಿಂತೇನ್ ನೋಡ್ತಿ? ಛಲೋ ಅಂಗಿ ಹಾಕ್ಕೊಂಡ ಬಾ. ಏಕಸಂಬಿಯವ್ರು ಬರೂದ್ರಾಗ ಆಕಿ ಅಪ್ಪನ್ನ ಭೆಟ್ಟಿ ಆಗೂಣು." ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ನೀ ಕುಂಡ್ರವ್ವಾ. ಮೊದಲ ರೊಟ್ಟಿ ತಿನ್ನು."

ಅಮೋಲ ಕೆಸರುಗಾಲಲ್ಲೇ ಮನೆಯತ್ತ ಓಡಿದ.