ಮದನಿಕೆಯ ಕಂಕುಳಲ್ಲಿ ಕಣಜದ ಗೂಡು

"ಮೂರ್ತಿ ಮುಟ್ಟಿದ್ರ ತಲಿ ಒಡೀತೀನಿ!"

ಪುಂಡಲೀಕಪ್ಪನ ಹಾರೆ ನನ್ನ ನೆತ್ತಿಯ ಮೇಲಿತ್ತು. ಲಕ್ಷ್ಮೇಶ್ವರದಾಚೆಯ ಹಳೇ ಗುಡಿ. ಅದರ ಜೀರ್ಣೋದ್ಧಾರದ ಕಂಟ್ರ್ಯಾಕ್ಟರ್ ಈತ.

ನಾನು ಮೊಹಸಿನ. ಗದಗಿನಲ್ಲಿ ಖಾಸಗಿ ಪತ್ತೇದಾರ. ಗುಡಿಯ ಮದನಿಕೆಯನ್ನು ಯಾರೋ ಬದಲಿಸಿದ್ದಾರೆಂದು ಊರವರ ಗುಮಾನಿ. ಅದಕ್ಕೇ ಕರೆಸಿದ್ದರು.

"ಅಸಲಿ ಮೂರ್ತೀನ ಐತಿ! ಬೇಕಾದ್ರ ಮೌನೇಶನ್ನ ಕೇಳು!"

ಮೌನೇಶ ಪಕ್ಕದಲ್ಲೇ ಇದ್ದ. ಕೆಲಸ ಶುರುವಾಗುವ ಮೊದಲೇ ಇಡೀ ಗುಡಿಯನ್ನು ಲೇಸರ್ ಸ್ಕ್ಯಾನ್ ಮಾಡಿದವನು. ಖಾನಾವಳಿಯಲ್ಲಿ ನನ್ನೆದುರು ಕೂತು ಉಣ್ಣುವ ಒಬ್ಬನೇ ಒಬ್ಬ ಗೆಳೆಯ.

ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದ.

"ನೋಡು. ಹಳೇ ಸ್ಕ್ಯಾನಿಗೂ ಇದಕ್ಕೂ ಕೂದಲೆಳಿ ಫರಕ್ ಇಲ್ಲ."

ಇರಲಿಲ್ಲ! ಮೂಗು, ಬೆರಳು, ಬಳೆ... ಕಂಕುಳಲ್ಲಿ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು ಕೂಡ ಹಾಗೇ ಇತ್ತು.

ಕೈ ಚಾಚಿ ಗೂಡನ್ನು ಕೆರೆದೆ.

ಉದುರಲಿಲ್ಲ.

ಜೋರಾಗಿ ಕೆರೆದೆ. ಉಗುರು ಮುರಿಯಿತು. ಗೂಡೂ ಕಲ್ಲು!

ಲೇಸರ್‌ಗೆ ಮಣ್ಣೇನು, ಕಲ್ಲೇನು? ಕಂಡದ್ದನ್ನೆಲ್ಲ ಅಳೆದಿತ್ತು. ಆ ಅಳತೆ ಹಿಡಿದು ನಕಲಿ ಕೆತ್ತಿದ ಮಷಿನ್ನು ಹುಳದ ಮನೆಯನ್ನೂ ಬಿಡದೆ ಕೆತ್ತಿತ್ತು.

ಹಾರೆ ಬೀಸಿ ಬಂತು. ಬಗ್ಗಿದೆ. ಸ್ಕ್ಯಾನರಿನ ಸ್ಟ್ಯಾಂಡು ಎತ್ತಿ ಪುಂಡಲೀಕಪ್ಪನ ಮೊಣಕಾಲಿಗೆ ಕೊಟ್ಟೆ. ಬಿದ್ದಲ್ಲಿಂದಲೇ ಕಿರುಚಿದ.

"ಲಾರಿ ಹೊಡಿಲೇ! ಜಲ್ದಿ!"

ಹೊರಗೆ ಜೋಳದ ಒಣ ಕಣಿಕೆ ತುಂಬಿದ ಲಾರಿ ಗುರುಗುಟ್ಟಿತು. ಓಡಿದೆ. ಕ್ಯಾಬಿನ್ನಿಗೆ ಜೋತುಬಿದ್ದು ಕೀ ಕಿತ್ತುಕೊಂಡೆ. ಡ್ರೈವರ್ ಹೊಲಕ್ಕೆ ಹಾರಿ ಓಡಿದ.

ಕಣಿಕೆ ಸರಿಸಿದೆ. ಅಸಲಿ ಮದನಿಕೆ ಅಂಗಾತ ಮಲಗಿದ್ದಳು. ಅವಳ ಕಂಕುಳಿನ ಗೂಡು ಮುಟ್ಟುತ್ತಲೇ ಪುಡಿಯಾಯಿತು.

ಮೌನೇಶ ಹಿಂದೆ ಬಂದು ನಿಂತಿದ್ದ.

"ಸ್ಕ್ಯಾನಿನ ಫೈಲ್ ನಿನ್ನ ಕಡೆ ಅಷ್ಟ ಇತ್ತು... ಹೌದಿಲ್ಲೋ?"

ತಲೆ ತಗ್ಗಿಸಿದ.

"ತಪ್ಪಾತು. ಬಿಟ್ಟಬಿಡೋ ಮೊಹಸಿನ... ನನ್ನ ಬಿಟ್ರ ನಿನಗ ಯಾರ ಅದಾರಲೇ?"

ಯಾರೂ ಇಲ್ಲ. ಬೀಗ ತೆಗೆದರೆ ಖಾಲಿ ಖೋಲಿ, ಖಬರ ಕೇಳುವವರಿಲ್ಲ.

ಆದರೂ ಪೊಲೀಸರಿಗೆ ಫೋನ್ ಹಚ್ಚಿದೆ.

ಅಂದು ಖಾನಾವಳಿಯಲ್ಲಿ ಅಮೃತವ್ವ ರೂಢಿಯಂತೆ ಎರಡು ತಾಟು ತಂದಿಟ್ಟಳು.

"ಮೌನೇಶ ಎಲ್ಲಿ? ಹಿಂದಿಂದ ಬರ್ತಾನೇನು?"

"ಒಂದು ತಾಟು ಒಯ್ಯಬೇ ಅವ್ವ. ಅವಂಗ ಇವತ್ತಿಂದ ಸರಕಾರಿ ಊಟ!"