ಮಾತಾಡಿದವರ ಹೆಸರು

ಹುಲಿಗೆಮ್ಮ ಟೀಚರ್ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದರು. ನೀರು ಬಿಸಿಲಿಗೆ ಆವಿಯಾಗುವುದು, ಮೇಲೆ ಹೋಗಿ ಮೋಡವಾಗುವುದು, ಮತ್ತೆ ಕೆಳಗಿಳಿಯುವುದು. ಏಳನೇ ತರಗತಿಯ ಮಕ್ಕಳು ಕೇಳುತ್ತಿದ್ದರು, ಆದರೆ ಇಂಗ್ಲಿಷಿನಲ್ಲಲ್ಲ. ಮುಂದಿನ ಬೆಂಚಿನವರ ಕಿವಿಗೆ ಪಾಠ ತೆಲುಗಿನಲ್ಲಿ ಬೀಳುತ್ತಿತ್ತು, ಗೋಡೆ ಕಡೆಯವರಿಗೆ ಉರ್ದುವಿನಲ್ಲಿ, ನಡುವಿನವರಿಗೆ ಭೋಜಪುರಿಯಲ್ಲಿ, ಕಿಟಕಿ ಪಕ್ಕದವರಿಗೆ ಲಂಬಾಣಿಯಲ್ಲಿ. ಕನ್ನಡದ್ದೂ ಒಂದು ಸಾಲಿತ್ತು. ಇಷ್ಟು ಭಾಷೆ ಒಂದೇ ಕೋಣೆಯೊಳಗೆ ಓಡಾಡುತ್ತಿದ್ದರೂ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

ಬಳ್ಳಾರಿ ಸೀಮೆಯ ಒಂದು ಉಕ್ಕಿನ ಕಾರ್ಖಾನೆಯ ಬೆನ್ನಿಗಿದ್ದ ಸರ್ಕಾರಿ ಶಾಲೆ ಅದು. ದೇಶದ ಮೂಲೆಮೂಲೆಯಿಂದ ಕೂಲಿಗೆ ಬಂದವರ ಮಕ್ಕಳು. ಮನೆಯಲ್ಲಿ ಯಾವ ಮಾತಾದರೂ ಇರಲಿ, ಶಾಲೆಯಲ್ಲಿ ಇಂಗ್ಲಿಷು ಬೇಕು ಅಂತ ಎಲ್ಲರ ಅಪ್ಪ ಅಮ್ಮಂದಿರದೂ ಒಂದೇ ಹಟ. ಅರ್ಥವಾಗುವುದು ಹೇಗೆ ಅಂತ ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದವರು ಡಾಕ್ಟರ್ ಶಾಂಭವಿ ಬಣಕಾರ. ಕೇಳಿ ಸುಮ್ಮನಾಗದೆ ಕಿವಿಮಣಿ ಕಂಡುಹಿಡಿದರು. ಅದು ಕೆಲಸ ಮಾಡುವುದನ್ನು ಕಣ್ಣಾರೆ ನೋಡಲು ಅವತ್ತು ತರಗತಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಕಿವಿಮಣಿ ಜೋಳದ ಕಾಳಿನಷ್ಟಿತ್ತು. ಕಿವಿಯ ಹಿಂದಿನ ಮೂಳೆಗೆ ಅಂಟಿಸಿದರೆ ಸಾಕು. ಟೀಚರ ದನಿಯನ್ನು ಹಿಡಿದು, ಆ ಮಗುವಿನ ಮನೆಮಾತಿಗೆ ತಿರುಗಿಸಿ, ಮೂಳೆಯನ್ನೇ ಸಣ್ಣಗೆ ನಡುಗಿಸಿ ಕೇಳಿಸುತ್ತಿತ್ತು. ಇನ್ನೊಂದು ಗುಣವೂ ಅದಕ್ಕಿತ್ತು, ಶಾಂಭವಿಯವರಿಗೆ ಬಲು ಹೆಮ್ಮೆಯದ್ದು. ಟೀಚರ ದನಿ ಬಿಟ್ಟು ಬೇರೆ ಯಾವ ದನಿ ಬಂದರೂ ಅದಕ್ಕೆ ಸರಿ ಎದುರಾದ ಅಲೆಯನ್ನು ಹುಟ್ಟಿಸಿ ಅಳಿಸಿಬಿಡುತ್ತಿತ್ತು. ಚಿಕ್ಕಂದಿನಲ್ಲಿ ಹಿಂದಿನ ಬೆಂಚಿನ ಗಲಾಟೆಯಲ್ಲಿ ಪಾಠ ಕೇಳಿಸದೆ ಅತ್ತವರು ಅವರು. ನನ್ನ ಹಾಗೆ ಇನ್ನೊಂದು ಮಗು ಅಳಬಾರದು ಅಂತ ಅದನ್ನು ಸೇರಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದ್ದು. ಅದೇ ಸಂಕಟದ ವಿಷಯ.

"ಮೊದಲು ಹೆಂಗಿತ್ತು ಅಂತೀರಿ ಮೇಡಂ," ಎಂದರು ಹುಲಿಗೆಮ್ಮ, ಪಾಠ ನಿಲ್ಲಿಸಿ. "ಸಂತಿ ಆಗಿತ್ತ್ರಿ ಈ ಕ್ಲಾಸು. ನಾ ಒಂದು ಮಾತು ಹೇಳಿದ್ರ ತಿಳಿದವ ಪಕ್ಕದವಗ ಹೇಳಾವ, ಅವ ಹಿಂದಿನವಗ. ಕೈ ಸನ್ನಿ, ಅರ್ಧ ಹಿಂದಿ, ಅರ್ಧ ಕನ್ನಡ. ನನ್ನ ದನಿ ನನಗ ಕೇಳ್ತಿರಲಿಲ್ಲ. ಈಗ ನೋಡ್ರಿ, ಸೂಜಿ ಬಿದ್ರೂ ಕೇಳ್ತೈತಿ."

ಕರಿಹಲಗೆಯ ಬಲ ಮೂಲೆಯಲ್ಲಿ ಬಿಳಿ ಆಯಿಲ್ ಪೇಂಟಿನಲ್ಲಿ ಒಂದು ಚೌಕ ಬರೆದು ಮೇಲೆ 'ಮಾತಾಡಿದವರ ಹೆಸರು' ಎಂದು ತಲೆಬರಹ ಕೊಟ್ಟಿತ್ತು. ಟೀಚರಿಲ್ಲದಾಗ ಕ್ಲಾಸ್ ಲೀಡರ್ ಹೆಸರು ಬರೆಯಬೇಕು, ಆಮೇಲೆ ಬಂದ ಟೀಚರು ಅವರನ್ನು ನಿಲ್ಲಿಸಬೇಕು. ನಮ್ಮಲ್ಲಿ ಯಾರು ನಿಂತಿಲ್ಲ ಹೇಳಿ. ಈಗ ಚೌಕ ಖಾಲಿ ಇತ್ತು. ಶಾಂಭವಿ ಅದನ್ನು ನೋಡಿ ನಕ್ಕರು.

ಪಾಠ ಮುಗಿದ ಮೇಲೆ ಹುಲಿಗೆಮ್ಮನವರ ಬಾಯಿಂದಲೇ ಪ್ರಶ್ನೆ ಕೇಳಿಸಿದರು. ಕೈಗಳು ಮೇಲೆದ್ದವು. ಒಬ್ಬಳು ಮಾತ್ರ ಕೊನೆಯ ಬೆಂಚಿನಲ್ಲಿ ಒಂಟಿಯಾಗಿ, ಡೆಸ್ಕಿನ ಮೇಲಿನ ಗೀರನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಅವಳು ಮಿನತಿ ಮಾಝಿ," ಎಂದರು ಹುಲಿಗೆಮ್ಮ ಮೆಲ್ಲಗೆ. "ಒಡಿಶಾ ಗುಡ್ಡದ ಕಡಿಯೋರು. ಹೋದ ವರ್ಷ ಕ್ಲಾಸಿಗೇ ಮುಂದಿದ್ಲು. ವಸತಿ ಶಾಲಿ ಪರೀಕ್ಷಾ ಪಾಸ್ ಆದ್ರ ಹನ್ನೆರಡನೇತನಕ ಓದಸ್ತಾರ. ಇಲ್ಲಂದ್ರ ಅವರವ್ವ ಕಾರ್ಖಾನಿ ಕ್ಯಾಂಟೀನಿಗೆ ಕರಕೊಂಡು ಹೋಗ್ತಾಳ. ಈ ವರ್ಷ ಯಾಕೋ ಮಂಕಾಗ್ಯಾಳ."

ಶಾಂಭವಿ ಎದ್ದು ಹೋಗಿ ಅವಳ ಮಣಿಯನ್ನು ತೆಗೆದು ತಮ್ಮ ಕಿವಿಯ ಹಿಂದೆ ಇಟ್ಟುಕೊಂಡರು. ಹುಲಿಗೆಮ್ಮನವರಿಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿ ಎಂದರು. ಅಚ್ಚುಕಟ್ಟಾದ ಒಡಿಯಾ ಕೇಳಿಸಿತು. ಮಣಿ ತೆಗೆದು ಕೈಯಲ್ಲಿ ಹಿಡಿದರು.

"ಸರಿಯಾಗೇ ಇದೆಯಲ್ಲಮ್ಮ. ಅರ್ಥ ಆಗಲ್ವಾ?"

"ಈ ಮಾತು ಬರಲ್ಲ," ಎಂದಳು ಹುಡುಗಿ, ಹರಕುಮುರುಕು ಕನ್ನಡದಲ್ಲಿ. "ಮನೇಲಿ ಕುಯಿ ಮಾತು. ಮೊದಲು ಇದರಲ್ಲಿ ಕುಯಿ ಇತ್ತು. ರಜೆ ಆದಮೇಲೆ ಇದು ಬಂತು."

ಶಾಂಭವಿ ವರಾಂಡಕ್ಕೆ ಹೋಗಿ ಮಣಿ ತಯಾರಿಸುವ ಕಂಪನಿಗೆ ಫೋನು ಮಾಡಿದರು. ಮಣಿಯ ಹಕ್ಕನ್ನೆಲ್ಲ ಕಂಪನಿಗೇ ಬರೆದುಕೊಟ್ಟಾಗಿತ್ತು.

"ಮಕ್ಕಳು ಕಡಿಮೆ ಇರೋ ಭಾಷೆಗಳನ್ನ ಈ ವರ್ಷ ಹತ್ತಿರದ ದೊಡ್ಡ ಭಾಷೆಗೆ ಸೇರಿಸಿದ್ದೀವಿ ಮೇಡಂ," ಎಂದಿತು ಆ ಕಡೆಯ ವಿನಯದ ದನಿ.

"ಒಡಿಯಾ ಅದಕ್ಕೆ ಹತ್ತಿರ ಅಂತ ಯಾರು ಹೇಳಿದ್ದು?"

"ಒಡಿಶಾದವರಲ್ವಾ ಮೇಡಂ?"

ಕುಯಿ ಕನ್ನಡಕ್ಕೂ ತೆಲುಗಿಗೂ ದೂರದ ನೆಂಟ. ಒಡಿಯಾದ ಕುಲವೇ ಬೇರೆ. ಆದರೆ ಊರು ಕೇಳಿ ಭಾಷೆ ತೀರ್ಮಾನಿಸುವ ಚಟ ನಮ್ಮದು. ಯಂತ್ರಕ್ಕೂ ಅದನ್ನೇ ಅಂಟಿಸಿದ್ದೆವು.

ಶಾಂಭವಿ ಒಳಗೆ ಬಂದು ಮಿನತಿಯ ಪಕ್ಕ ಕೂತರು. "ಇಷ್ಟು ದಿನ ಯಾರಿಗೂ ಹೇಳಲಿಲ್ವಾ? ಗೆಳತಿಯರನ್ನ ಕೇಳಬಹುದಿತ್ತಲ್ಲ."

ಮಿನತಿ ಕಿಟಕಿಯ ಕಡೆ ಬೆರಳು ತೋರಿಸಿದಳು. ಅಲ್ಲಿ ಲಂಬಾಣಿ ಸಾಲಿನಲ್ಲಿ ಪಲ್ಲವಿ ನಾಯ್ಕ ಕೂತಿದ್ದಳು. ಹೋದ ವರ್ಷ ಮಣಿ ಬರುವವರೆಗೂ ಇಬ್ಬರದೂ ಒಂದೇ ಬೆಂಚು. ಮಣಿ ಹಂಚುವುದು ಸುಲಭ ಅಂತ ಟೀಚರು ಮಕ್ಕಳನ್ನು ಭಾಷೆ ಪ್ರಕಾರ ಕೂರಿಸಿದಾಗ ಬೇರೆಯಾದರು.

"ಕೇಳಿದೆ," ಎಂದಳು ಮಿನತಿ. "ಕರೆದೆ. ತುಂಬ ಸಲ ಕರೆದೆ. ಅವಳಿಗೆ ಕೇಳಿಸಲ್ಲ."

ಶಾಂಭವಿ ಕೈಯಲ್ಲಿದ್ದ ಮಣಿಯನ್ನು ನೋಡಿದರು. ಕೇಳಿಸದ ಹಾಗೆ ಮಾಡಿದ್ದು ತಾನೇ. ಆ ಹುಡುಗಿ ಕರೆದ ದನಿಯನ್ನು ಗಲಾಟೆಯೆಂದು ಲೆಕ್ಕ ಹಾಕಿ, ಎದುರಲೆ ಹುಟ್ಟಿಸಿ, ಒಂದು ಚೂರೂ ಉಳಿಯದಂತೆ ಅಳಿಸಿದ್ದು ತನ್ನ ಮಣಿ.

"ಎಲ್ಲರೂ ಮಣಿ ತೆಗೀರಿ," ಎಂದು ಹುಲಿಗೆಮ್ಮನವರಿಂದ ಹೇಳಿಸಿದರು. ಪಲ್ಲವಿಯನ್ನು ಕರೆದು ಮಿನತಿಯ ಪಕ್ಕ ಕೂರಿಸಿದರು. "ಆವಿ ಆಗೋದು ಹೇಗೆ ಅಂತ ಇವಳಿಗೆ ಹೇಳಮ್ಮ. ಮೊದಲು ಹೇಳ್ತಿದ್ದೆಯಲ್ಲ, ಹಾಗೆ."

ಪಲ್ಲವಿ ಬಾಯಿ ತೆರೆದಳು. ಪಾಠ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಲಂಬಾಣಿಯಲ್ಲಿ. ಇವಳಿಗೆ ಯಾವ ಮಾತಿನಲ್ಲಿ ಹೇಳುವುದು? ಇಬ್ಬರೂ ಸೇರಿ ಕಟ್ಟಿಕೊಂಡಿದ್ದ ಆ ಅರ್ಧಂಬರ್ಧ ಮಾತು ಬಳಕೆ ತಪ್ಪಿ ಎಲ್ಲೋ ಹೋಗಿತ್ತು. ಕೈಯನ್ನು ಒಮ್ಮೆ ಮೇಲೆತ್ತಿ, ಯಾರಾದರೂ ನಗುತ್ತಾರೇನೋ ಅಂತ ನಾಚಿ ಇಳಿಸಿದಳು.

"ಯಂತ್ರ ಹೇಳತ್ತಲ್ಲ ಮಿಸ್," ಎಂದಳು.

ಮಿನತಿ ಮತ್ತೆ ಡೆಸ್ಕು ಕೆರೆಯತೊಡಗಿದಳು.

ಶಾಂಭವಿ ಊರಿಗೆ ಹೋಗಿ, ಕಂಪನಿಯ ಹಂಗಿಲ್ಲದೆ, ಹಳೆಯ ಮಣಿಯೊಂದಕ್ಕೆ ತಾವೇ ಕುಯಿ ತುಂಬಿಸಿದರು. ಅಕ್ಕಪಕ್ಕದ ದನಿ ಅಳಿಸುವ ಗುಣವನ್ನು ಕಿತ್ತುಹಾಕಿದರು. ಅಷ್ಟರಲ್ಲಿ ವಸತಿ ಶಾಲೆಯ ಪರೀಕ್ಷೆ ಮುಗಿದಿತ್ತು. ಮಣಿ ಹಿಡಿದುಕೊಂಡು ಬಂದಾಗ ಕೊನೆಯ ಬೆಂಚು ಖಾಲಿ ಇತ್ತು.

"ಕ್ಯಾಂಟೀನಿಗೆ ಸೇರಿದ್ಲ್ರಿ ಮೇಡಂ, ಅವರವ್ವನ ಜೋಡಿ," ಎಂದರು ಹುಲಿಗೆಮ್ಮ. "ಪರೀಕ್ಷಾದಾಗ ಏನೂ ಬರೀಲಿಲ್ಲಂತ. ನಾ ಅಕಿನ್ನ ಮಂಕಾಗ್ಯಾಳ ಅಂದೆ. ಒಂದು ಮಾತು ಕೇಳಲಿಲ್ಲ ನೋಡ್ರಿ."

ಶಾಂಭವಿ ತರಗತಿಯತ್ತ ತಿರುಗಿದರು. ಮಕ್ಕಳು ಮಣಿ ಅಂಟಿಸಿಕೊಂಡು ತಮ್ಮ ತಮ್ಮ ಸಾಲಿನಲ್ಲಿ ಕೂತಿದ್ದರು. ಕರಿಹಲಗೆಯ ಮೂಲೆಯ ಚೌಕದಲ್ಲಿ ಒಂದು ಹೆಸರೂ ಇರಲಿಲ್ಲ. ಈ ಸಲ ಅವರಿಗೆ ನಗು ಬರಲಿಲ್ಲ.

ಇದೆಲ್ಲ ಮುಂದೆಂದೋ ನಡೆಯುವ ಕತೆ. ಈಗ, ನೀವು ಇದನ್ನು ಓದುತ್ತಿರುವ ಹೊತ್ತಿಗೆ, ಕಿವಿಮಣಿ ಇನ್ನೂ ಹುಟ್ಟಿಲ್ಲ. ಯಾವುದೋ ಸರ್ಕಾರಿ ಶಾಲೆಯ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು, ಬರುವ ನಾಲ್ಕು ಮಾತಿನಲ್ಲೇ ಪಕ್ಕದವಳಿಗೆ ಇಂಗ್ಲಿಷ್ ಪಾಠದ ಅರ್ಥ ಹೇಳುತ್ತಿದ್ದಾಳೆ. ಪಕ್ಕದವಳು ತಲೆಯಾಡಿಸುತ್ತಿದ್ದಾಳೆ. ಕ್ಲಾಸ್ ಲೀಡರ್ ಚಾಕ್‌ಪೀಸ್ ಹಿಡಿದು ಇಬ್ಬರ ಹೆಸರನ್ನೂ ಬರೆಯುತ್ತಿದ್ದಾನೆ.