ಅಂಟಕ್ಕಿಯ ನಡುವೆ ನೀಲಿ ಕಾಳು

ಕಾಳು ನೀಲಿಯಾಯಿತು.

ಆಗಬಾರದಿತ್ತು. ಬ್ಲೇಡಿನಿಂದ ಕುಯ್ದು, ಬಿಳಿ ತಟ್ಟೆಯಲ್ಲಿಟ್ಟು, ಅವಳು ಅಯೋಡಿನ್ ಹನಿ ಬಿಟ್ಟಿದ್ದ ಕಾಳುಗಳೆಲ್ಲ ಇಟ್ಟಿಗೆಪುಡಿಯ ಹಾಗೆ ಕಂದಾಗಬೇಕಿತ್ತು. ಅಂಟಕ್ಕಿಯ ಗುಣವೇ ಅದು. ಅದರ ಪಿಷ್ಟದಲ್ಲಿ ಅಮೈಲೋಸ್ ಅನ್ನುವುದು ಇಲ್ಲವೇ ಇಲ್ಲವೆನ್ನಬಹುದು. ಹಾಗಾಗಿ ಬೇಯಿಸಿದರೆ ಅಗುಳಿಗೆ ಅಗುಳು ಅಂಟುತ್ತದೆ, ಅಯೋಡಿನ್ ಬಿಟ್ಟರೆ ಕಂದಾಗುತ್ತದೆ. ನೀಲಿಯಾಗುವುದು ಉದುರುದುರಾಗುವ ಮಾಮೂಲಿ ಅಕ್ಕಿ. ವರ್ಷಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಅವಳ ಅಂಟಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ನೀಲಿ ಕಾಳು, ಕರೆಯದೆ ಬಂದ ನೆಂಟರಂತೆ ಕೂತಿತ್ತು.

ಬೆರಕೆ. ಯಾರೋ ತಳಿಯ ಬೀಜ ಕದ್ದು, ಆ ಜಾಗಕ್ಕೆ ಮಾಮೂಲಿ ಬೀಜ ಬೆರಕೆ ಮಾಡಿದ್ದಾರೆ.

ಯಾರು ಎಂದು ಕೇಳಿಕೊಳ್ಳುವ ಮೊದಲೇ ಒಂದು ಮುಖ ಕಣ್ಮುಂದೆ ಬಂತು. ಅದೇ ಮುಖ ಬಂದದ್ದಕ್ಕೆ ಅವಳು ಬ್ಲೇಡನ್ನು ಕೆಳಗಿಟ್ಟಳು.

ಎದುರು ಲ್ಯಾಬಿನವನು. ದಿನವಿಡೀ ಅಕ್ಕಿ ಬೇಯಿಸಿ, ಅನ್ನ ಎಷ್ಟು ಮೆತ್ತಗಿದೆ, ಎಷ್ಟು ಅಂಟುತ್ತದೆ ಎಂದು ಮಿಷನ್ನಿನಲ್ಲಿ ಅಳೆಯುವುದು ಅವನ ಕೆಲಸ. ಹಾಗಾಗಿ ಆ ಭತ್ತದ ಸಂಶೋಧನಾ ಸಂಸ್ಥೆಗೆಲ್ಲ ಅವನು ಕುಕ್ಕರ್. ದಿನವಿಡೀ ಕಾಳು ಕುಯ್ಯುವ ಅವಳು ಬ್ಲೇಡ್. ಇಬ್ಬರಿಗೂ ಅಡ್ಡಹೆಸರು ಗೊತ್ತು; ಇಬ್ಬರೂ ಗೊತ್ತಿಲ್ಲದವರ ಹಾಗೆ ಇದ್ದರು.

ಈ ಕುಕ್ಕರ್ ದಿನಕ್ಕೊಮ್ಮೆಯಾದರೂ ಅವಳ ಬಾಗಿಲಿಗೆ ಬರುತ್ತಿದ್ದ.

"ಒಂದು ಬೀಕರ್ ಇರುತ್ತಾ?"

ಅವನ ಲ್ಯಾಬಿನಲ್ಲಿ ಬೀರು ತುಂಬ ಬೀಕರ್. ಆದರೂ ಕೇಳುತ್ತಿದ್ದ. ಕೇಳುತ್ತಾ ಮೊದಲು ಅವಳ ತಟ್ಟೆ ನೋಡುವನು, ಆಮೇಲೆ ಬೆರಳು ನೋಡುವನು. ಅವಳು ತಲೆ ಎತ್ತಿದಳೋ, ಕಣ್ಣು ಸೀದಾ ಟ್ಯೂಬ್‌ಲೈಟಿಗೆ ಹಾರುತ್ತಿತ್ತು. ಅವಳಿಗೂ ಅವನ ಹೆಜ್ಜೆ ಸಪ್ಪಳ ಕೇಳಿದೊಡನೆ ಕೂದಲನ್ನು ಕಿವಿಯ ಹಿಂದೆ ಸೇರಿಸುವ ಅಭ್ಯಾಸವಾಗಿತ್ತು. ಅವನು ಬಾರದ ದಿನ ಬ್ಲೇಡಿಗೆ ಹರಿತವೇ ಇಲ್ಲವೆಂದು ಗೊಣಗುತ್ತಿದ್ದಳು.

ಈಗ ಆ ನೋಟಗಳೆಲ್ಲ ಬೇರೆಯೇ ಅರ್ಥ ಕೊಡತೊಡಗಿದವು. ನೋಡುತ್ತಿದ್ದದ್ದು ಬೆರಳನ್ನೋ, ಬೆರಳ ನಡುವಿನ ಕಾಳನ್ನೋ?

ಊಟದ ಹೊತ್ತಿಗೆ ಅಕ್ಕ ಫೋನ್ ಮಾಡಿದಳು. ತಂಗಿಯ ದನಿ ಸಪ್ಪಗಿದ್ದದ್ದು ಅವಳಿಗೆ ಒಂದೇ ಮಾತಿಗೆ ಗೊತ್ತಾಯಿತು.

"ಯಾಕೆ ಪುಟ್ಟಿ, ಇವತ್ತು ಬೀಕರ್ ಮಹಾರಾಯ ಬರ್ಲಿಲ್ವಾ?"

"ಅವನು ಬರ್ತಿದ್ದದ್ದು ಬೀಕರ್‌ಗಲ್ಲ ಅಕ್ಕ."

"ಅದನ್ನೇ ಅಲ್ವೇನೇ ನಾನು ಅವತ್ತಿಂದ ಬಡ್ಕೊಳ್ತಿರೋದು!"

"ಬೀಜಕ್ಕೆ ಬರ್ತಿದ್ದ. ನನಗಲ್ಲ."

"ಕಣ್ಣಾರೆ ನೋಡಿದ್ಯಾ? ಇಲ್ಲ ತಾನೇ? ನಿನಗೆ ಯಾರಾದ್ರೂ ಇಷ್ಟ ಆದ್ರೆ ಸಾಕು, ಅವರ ಮೇಲೊಂದು ಕೇಸ್ ಹಾಕ್ತೀಯ."

ಮಾತು ನಾಟಿತು. ಆದರೆ ಅವಳ ಭತ್ತದ ಕುಂಡಗಳಿದ್ದ ಗಾಜಿನ ಮನೆಗೆ ಹೋಗಿ ಕೇಳಿದಾಗ ಅಲ್ಲಿನ ಕಾವಲುಗಾರ ಹೇಳಿದ್ದು ಇನ್ನೂ ಆಳಕ್ಕೆ ನಾಟಿತು.

"ತೆನೆ ಹೂ ಬಿಡೋ ವಾರ ನೀವು ಮೀಟಿಂಗಿಗೆ ಹೋದ್ರಲ್ಲ ಮೇಡಂ, ಅವತ್ತು ಕುಕ್ಕರ್ ಸಾರ್ ಬೀಗದಕೈ ಇಸ್ಕೊಂಡು ಒಳಗೆ ಹೋಗಿದ್ರು. ನಿಮಗೆ ಹೇಳ್ಬೇಡ ಅಂದ್ರು. ನೀವಾಗೇ ಕೇಳಿದ್ರಿ ಅಂತ ಹೇಳ್ತಿದ್ದೀನಿ."

ಹೇಳಬೇಡ ಅಂದನಂತೆ! ಕಳ್ಳನಲ್ಲದವನು ಹಾಗೇಕೆ ಅನ್ನುತ್ತಾನೆ?

ವಿಭಾಗದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎನ್ನುವವರು, ತಟ್ಟೆ ನೋಡಿ ಕನ್ನಡಕ ತೆಗೆದಿಟ್ಟರು. "ಈ ಲಾಟ್ ಪೂರ್ತಿ ಸುಡು. ಮುಂದಿನ ಬಿತ್ತನೆ ಇಲ್ಲ. ಇದನ್ನ ಮಾಡಿದವರ ಹೆಸರು ಸಂಜೆಯೊಳಗೆ ನನಗೆ ಬೇಕು. ಅವರು ನಾಳೆಯಿಂದ ಇಲ್ಲಿರಲ್ಲ."

ಹೆಸರು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅವನ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವಳ ವರ್ಷಗಳ ದುಡಿಮೆಗೆ ಬೆಂಕಿ ಬಿದ್ದದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. "ಸಂಜೆ ಹೇಳ್ತೀನಿ ಮೇಡಂ" ಎಂದು ಎದ್ದು ಬಂದಳು. ಅವನು ಕಳ್ಳನಾಗದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ ತನ್ನ ಮನಸ್ಸಿನ ಮೇಲೂ ಅವಳಿಗೆ ಅನುಮಾನ ಬಂತು.

ಇನ್ನೂ ಬಡಿಯದ ತೆನೆಗಳು ಕಟ್ಟಿನಲ್ಲಿದ್ದವು. ಒಂದೊಂದು ಕುಂಡದ ತೆನೆಯನ್ನೂ ಬೇರೆ ಇಟ್ಟು, ತುದಿಯಿಂದ ಬುಡದವರೆಗೆ ಕಾಳು ಕುಯ್ಯುತ್ತಾ ಬಂದಳು. ಮೇಲಿನದು ಕಂದು. ಕೆಳಗಿನದು ಕಂದು. ನಡುವೆ ಮಾತ್ರ ನೀಲಿ. ಅದೂ ಬಾಗಿಲ ಕಡೆಯ ಕುಂಡಗಳಲ್ಲಿ ಮಾತ್ರ.

ಅವಳ ಕೈ ನಿಂತಿತು. ಭತ್ತದ ತೆನೆ ಒಂದೇ ದಿನ ಅರಳುವುದಿಲ್ಲ. ತುದಿಯಿಂದ ಶುರುವಾಗಿ ದಿನಕ್ಕಿಷ್ಟು ಕೆಳಗಿಳಿಯುತ್ತದೆ. ಹೂ ತೆರೆದಿರುವುದು ಬೆಳಗಿನ ಸ್ವಲ್ಪ ಹೊತ್ತು. ಆ ಹೊತ್ತಿನಲ್ಲಿ ಅದೇ ಗಾಜಿನ ಮನೆಯಲ್ಲಿ ಇನ್ನೊಬ್ಬರು ಬೆಳೆಸುವ ಉದುರಕ್ಕಿಯ ಪರಾಗ ಹಾರಿ ಬಂದು ಕೂತರೆ ಆ ಕಾಳಿನ ಪಿಷ್ಟವೇ ಬದಲಾಗಿಬಿಡುತ್ತದೆ. ಅದಕ್ಕೇ ಅವಳು ಆ ವಾರವಿಡೀ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಆ ಗಾಜಿನ ಒಲೆಯೊಳಗೆ ಬೆಂದಿದ್ದಳು. ಬೀಜ ಕದ್ದು ಬೇರೆ ಬೀಜ ಸೇರಿಸಿದವನು ತೆನೆಯ ನಡುಭಾಗಕ್ಕೆ ಮಾತ್ರ ಹೇಗೆ ಸೇರಿಸಿಯಾನು? ಇದು ಕೈಯ ಕೆಲಸವಲ್ಲ. ಒಂದೇ ದಿನ, ಒಂದೇ ದಿಕ್ಕಿನಿಂದ ಬೀಸಿದ ಗಾಳಿ.

ಎದ್ದು ಸೀದಾ ಎದುರು ಲ್ಯಾಬಿಗೆ ಹೋದಳು. ಒಳಗೆಲ್ಲ ಹಬೆ. ಅವನು ಅನ್ನದ ಬಟ್ಟಲನ್ನು ಮಿಷನ್ನಿನ ಕೆಳಗಿಡುತ್ತಿದ್ದವನು ಅವಳನ್ನು ಕಂಡು ಗಾಬರಿಯಾದ.

"ಬೀ... ಬೀಕರ್ ಬೇಕಿತ್ತಾ?"

"ನನ್ನ ಮೀಟಿಂಗ್ ದಿನ ಗಾಜಿನ ಮನೆಯೊಳಗೆ ಏನ್ರೀ ಮಾಡಿದ್ರಿ?"

ಅವನ ಕಿವಿ ಕೆಂಪೇರಿತು. ಟ್ಯೂಬ್‌ಲೈಟ್ ನೋಡಿದ. ಅವಳು ಬಿಡಲಿಲ್ಲ.

"ಅಲ್ಲಿ ಏನೂ ಬರೆದಿಲ್ಲ. ಇಲ್ಲಿ ನೋಡಿ ಹೇಳಿ."

"ಫ್ಯಾನ್ ಹಾಕಿದ್ದೆ."

"ಯಾಕೆ?"

"ದಿನಾ ಈ ಕಿಟಕಿಯಿಂದ ನೋಡ್ತಿದ್ದೆ. ಬೆವರು ನಿಮ್ಮ ಹುಬ್ಬಿನ ಮೇಲೆ ಬಂದು ನಿಲ್ತಿತ್ತು. ಕೈಯಲ್ಲಿ ಚಿಮಟ, ಒರೆಸ್ಕೊಳ್ಳೋಕೂ ಆಗ್ತಿರ್ಲಿಲ್ಲ ನಿಮಗೆ. ಫ್ಯಾನ್ ಕೆಟ್ಟಿರ್ಬೇಕು ಅನ್ಕೊಂಡೆ. ನೀವು ಬರೋಷ್ಟರಲ್ಲಿ ಒಳಗೆ ತಣ್ಣಗಿರ್ಲಿ ಅಂತ ನಮ್ಮ ಲ್ಯಾಬಿನ ಸ್ಟ್ಯಾಂಡ್ ಫ್ಯಾನ್ ತಂದು ಹಾಕಿ, ನಾಚಿಕೆಯಾಗಿ ನೀವು ಬರೋ ಮೊದಲೇ ಎತ್ಕೊಂಡು ಓಡಿಬಂದೆ."

ಕಥೆ ಚೆನ್ನಾಗಿತ್ತು. ಚೆನ್ನಾಗಿತ್ತು ಅಂತಲೇ ನಂಬಲು ಭಯವಾಯಿತು.

"ಎಲ್ಲಿಟ್ಟಿದ್ರಿ ಫ್ಯಾನು?"

"ಬಾಗಿಲ ಪಕ್ಕ, ಆ ಇನ್ನೊಬ್ಬರ ಕುಂಡಗಳ ಹಿಂದೆ. ನಿಮ್ಮ ಸ್ಟೂಲಿಗೆ ಗಾಳಿ ಬರೋ ಹಾಗೆ."

ಇನ್ನೊಬ್ಬರ ಕುಂಡವೆಂದರೆ ಉದುರಕ್ಕಿ. ಅದರ ಮುಂದೆ ಅವಳ ಅಂಟಕ್ಕಿ, ಅದರ ಮುಂದೆ ಸ್ಟೂಲು. ನೀಲಿ ಕಾಳು ಯಾವ ಕಡೆ ಇದೆಯೆಂದು ಅವಳು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಅಳು, ನಗು, ಸಿಟ್ಟು ಮೂರೂ ಒಟ್ಟಿಗೆ ಬಂದವು; ಗೆದ್ದದ್ದು ಸಿಟ್ಟು.

"ನೀವು ಹಾಕಿದ ಗಾಳಿಗೆ ನನ್ನ ತಳಿ ಕೆಟ್ಟುಹೋಯ್ತು! ಮಾಡಿದವರ ಹೆಸರು ಸಂಜೆಯೊಳಗೆ ದೊಡ್ಡ ಮೇಡಂಗೆ ಹೇಳ್ಬೇಕು ನಾನು! ಹೂ ಬಿಟ್ಟಾಗ ಗಾಳಿ ಹಾಕಬಾರದು ಅಂತ ಗೊತ್ತಿಲ್ವಾ?"

ಅವನ ಮುಖ ಬಿಳಿಚಿಕೊಂಡಿತು. "ನನ್ನ ಕೈಗೆ ಅದು ಬರೋದೇ ಅಕ್ಕಿ ಆದ್ಮೇಲೆ. ಹೂವನ್ನ ನಾನು ನೋಡೇ ಇಲ್ಲ. ನೋಡ್ತಿದ್ದದ್ದು..." ಮಾತು ನುಂಗಿಕೊಂಡ. ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದ. "ದೊಡ್ಡ ಮೇಡಂ ಹತ್ರ ನಾನೇ ಹೋಗಿ ಹೇಳ್ತೀನಿ. ನಿಮ್ಮ ಬಾಯಲ್ಲಿ ನನ್ನ ಹೆಸರು ಹೀಗೆ ಬರೋದು ಬೇಡ."

ಅವನು ಕಾರಿಡಾರಿನಲ್ಲಿ ನಡೆಯತೊಡಗಿದಾಗ, ಸಿಟ್ಟಿನಲ್ಲಿ ಹೊಳೆಯದೇ ಹೋಗಿದ್ದದ್ದು ಅವಳಿಗೆ ಹೊಳೆಯಿತು. ಓಡಿ ಅವನ ಹಿಂದೆಯೇ ದೊಡ್ಡ ಮೇಡಂ ಕೋಣೆಗೆ ಹೋದಳು.

ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಹುಬ್ಬಿನ ಬೆವರನ್ನೂ ಬಿಡಲಿಲ್ಲ. ದೊಡ್ಡ ಮೇಡಂ ಬಾಯಿ ತೆರೆಯುವ ಮೊದಲೇ ಅವಳು ನುಡಿದಳು.

"ಮೇಡಂ, ಸುಡೋದು ಬೇಡ. ಕಾಳಿನ ಒಂದು ತುದೀಲಿ ಮೊಳಕೆ ಇರುತ್ತೆ. ಇನ್ನೊಂದು ತುದಿ ಮಾತ್ರ ಕುಯ್ದು ಬಣ್ಣ ನೋಡೋಣ. ಕಂದಾದ್ರೆ ಮೊಳಕೆ ಇರೋ ಅರ್ಧ ಬಿತ್ತೋಣ, ನೀಲಿ ಆದ್ರೆ ಎಸೆಯೋಣ. ಉದುರಕ್ಕಿಯ ಜೀನ್ ಒಂದೇ ಒಂದು ಬಂದಿದ್ರೂ ಕಾಳು ನೀಲಿ ಆಗುತ್ತೆ, ಅದಕ್ಕೆ ಬಚ್ಚಿಟ್ಕೊಳ್ಳೋಕೆ ಬರಲ್ಲ."

"ಬಿತ್ತನೆಗೆ ಬೇಕಾಗೋ ಅಷ್ಟೂ ಕಾಳನ್ನ ಯಾರಮ್ಮ ಕುಯ್ತಾರೆ?"

"ಇವರೇ" ಎಂದಳು. ಆಮೇಲೆ ತುಸು ತಗ್ಗಿದ ದನಿಯಲ್ಲಿ ಸೇರಿಸಿದಳು, "ನಾನು ಪಕ್ಕದಲ್ಲಿ ಕೂತು ನೋಡ್ಕೊಳ್ತೀನಿ."

ದೊಡ್ಡ ಮೇಡಂ ಇಬ್ಬರನ್ನೂ ಒಂದು ಸಲ ನೋಡಿ ಕನ್ನಡಕ ಏರಿಸಿದರು. "ಗಾಜಿನ ಮನೆ ಹತ್ರ ಮಾತ್ರ ಈತ ಸುಳೀಬಾರದು. ಹೋಗಿ."

ಮರುದಿನ ಬೆಳಿಗ್ಗೆ ಅವಳ ಮೇಜಿಗೆ ಎರಡನೆಯ ಸ್ಟೂಲು ಬಂತು. ಅವನಿಗೆ ಬ್ಲೇಡ್ ಹಿಡಿಯಲು ಬಾರದು; ಮೊದಲ ಕಾಳೇ ಚಂಗನೆ ಹಾರಿ ಅವಳ ಮಡಿಲಿಗೆ ಬಿತ್ತು. ಅವಳು ಅವನ ಬೆರಳುಗಳನ್ನು ಹಿಡಿದು, ಎಲ್ಲಿ ಒತ್ತಬೇಕೆಂದು ತೋರಿಸಿದಳು. ತೋರಿಸಿ ಮುಗಿದರೂ ಹಿಡಿದೇ ಇದ್ದಳು.

"ನಿನ್ನೆ ಮಾತು ನುಂಗ್ಕೊಂಡ್ರಲ್ಲ," ಎಂದಳು. "ಹೂವನ್ನ ನೋಡ್ತಿರ್ಲಿಲ್ಲ, ಮತ್ತೆ ಏನನ್ನ ನೋಡ್ತಿದ್ರಿ?"

"ನಿಮ್ಮನ್ನ." ಈ ಸಲ ಅವನು ಟ್ಯೂಬ್‌ಲೈಟ್ ನೋಡಲಿಲ್ಲ. "ನೀವಂದ್ರೆ ನನಗೆ ತುಂಬಾ ಇಷ್ಟ. ಈಗ್ಲಾದ್ರೂ ನಂಬ್ತೀರಾ, ಇನ್ನೂ ನನ್ನ ಮೇಲೆ ಅನುಮಾನನಾ?"

ಅವಳು ಅಯೋಡಿನ್ ಹನಿ ಬಿಟ್ಟು, ಕಾಳು ಕಂದಾಗುವವರೆಗೂ ಕಾದಳು.

"ಅನುಮಾನ ಇದ್ದೇ ಇದೆ," ಎಂದಳು. "ಅದಕ್ಕೇ ಇನ್ಮೇಲೆ ನಿಮ್ಮನ್ನ ಕಣ್ಣೆದುರಿಂದ ಎಲ್ಲಿಗೂ ಕಳ್ಸಲ್ಲ."

ಅವನು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಮುಂದಿನ ಕಾಳನ್ನು ಎತ್ತಿಕೊಂಡ.